ದುಡಿಮೆ ಹೊಳೆಯ ಈಚೆಗೇ ಬಂದಿದೆ, ನಾವು ಎಲ್ಲಿದ್ದೇವೆ?

ಬೆಳಗ್ಗೆ ಎಂಟು ಗಂಟೆಗೆ ತೊಕ್ಕೊಟ್ಟಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಉಳ್ಳಾಲ, ಸೋಮೇಶ್ವರ, ತಲಪಾಡಿ ಕಡೆಯ ನಮ್ಮವರು ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ನೇತ್ರಾವತಿ ಸೇತುವೆ ದಾಟಿ ಸ್ಟೇಟ್‌ಬ್ಯಾಂಕ್ ಕಡೆಗೆ ಹೋಗುತ್ತಾರೆ. ಅದೇ ಹೊತ್ತಿಗೆ ಆಚೆಯಿಂದ ಬಂದ ಬಸ್ಸುಗಳು ವಿದ್ಯಾರ್ಥಿಗಳನ್ನು, ನರ್ಸ್‌ಗಳನ್ನು, ರೋಗಿಗಳನ್ನು ತುಂಬಿಕೊಂಡು ದೇರಳಕಟ್ಟೆ, ಕೊಣಾಜೆಗೆ ತಿರುಗುತ್ತವೆ. ನಾವು ಕೆಲಸ ಹುಡುಕಿಕೊಂಡು ಆ ಕಡೆ, ಊರಿನವರಲ್ಲದವರು ಕೆಲಸಕ್ಕಾಗಿ ಈ ಕಡೆ. ಇದರ ಬಗ್ಗೆ ಈ ವಾರ ಸ್ವಲ್ಪ ಮಾತಾಡ್ಲಿಕ್ಕುಂಟು.

ಮಂಗಳೂರು ಎರಡು ಹೊಳೆಗಳ ನಡುವೆ ಬೆಳೆದ ಊರು. ಉತ್ತರದ ಫಲ್ಗುಣಿ, ದಕ್ಷಿಣದ ನೇತ್ರಾವತಿ ಎರಡೂ ಬೆಂಗ್ರೆ ಮತ್ತು ಕೋಟೆಪುರದ ನಡುವಿನ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬ್ಯಾರಿಗಳ ವ್ಯಾಪಾರವನ್ನು ಬೆಳೆಸಿದ್ದು ಇದೇ ಅಳಿವೆಯ ಒಳಗಿನ ಬಂದರು. ಇಂದಿಗೂ ಲಕ್ಷದ್ವೀಪಕ್ಕೆ ಸಾಮಾನು ಹೊತ್ತ ಮಂಜಿಗಳು ಹೊರಡುವುದು ಅಲ್ಲಿಂದಲೇ. ಆದರೆ ಆಳವಿಲ್ಲದ ಅಳಿವೆಗೆ ದೊಡ್ಡ ಹಡಗು ಬರುವುದಿಲ್ಲ. ಹಾಗಾಗಿ ಪಣಂಬೂರಿನಲ್ಲಿ ಹೊಸ ಬಂದರು ಆಯಿತು. 1974ರಲ್ಲಿ ಅದಕ್ಕೆ ಪ್ರಮುಖ ಬಂದರಿನ ಸ್ಥಾನ ಸಿಕ್ಕಿತು. ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ ಎಲ್ಲವೂ ಅದರ ಸುತ್ತಮುತ್ತ ಬಂದವು.

ದಕ್ಷಿಣದ ದಂಡೆಗೆ ಬಂದದ್ದು ಬೇರೆಯೇ ಬಗೆಯ ದುಡಿಮೆ. ಇಲ್ಲಿ ಇದ್ದದ್ದು ಮುರಕಲ್ಲಿನ ಪದವುಗಳು. ಭತ್ತವೂ ಇಲ್ಲ, ತೋಟವೂ ಇಲ್ಲ, ಜಾಗ ಮಾತ್ರ ಧಾರಾಳ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಕೊಣಾಜೆಯಲ್ಲಿ ಶುರುವಾಯಿತು. 1999ರಲ್ಲಿ ದೇರಳಕಟ್ಟೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳು ಬಂದವು, ಆಮೇಲೆ ನಾಟೆಕಲ್‌ನಲ್ಲಿ ಇನ್ನೊಂದು. ಮುಡಿಪುವಿಗೆ ಸಾಫ್ಟ್‌ವೇರ್ ಕಂಪೆನಿಯೂ ಬಂತು. ನಮ್ಮ ಹಿರಿಯರು ದನ ಮೇಯಿಸಿದ ಪದವಿನಲ್ಲಿ ಇಂದು ಸಾವಿರಾರು ಜನ ಸಂಬಳ ಎಣಿಸುತ್ತಾರೆ.

ಈ ಆಸ್ಪತ್ರೆಗಳು ಎಷ್ಟು ದೊಡ್ಡ ಆಸರೆ ಎಂದು ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಜೇಶ್ವರ, ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ದಾರಿಯೇ ಇಲ್ಲದಾಯಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನಕ್ಷೆಯಲ್ಲಿ ರಾಜ್ಯ ಎರಡು, ಆದರೆ ಕಾಯಿಲೆ ಬಿದ್ದಾಗ ಉಪ್ಪಳದವರಿಗೂ ಉಳ್ಳಾಲದವರಿಗೂ ಊರು ಒಂದೇ.

ಈಗ ನಮ್ಮ ಮನೆಯ ಲೆಕ್ಕ ನೋಡೋಣ. ಹೊಳೆಯ ಈಚೆ ನಮ್ಮನ್ನು ಸಾಕಿದ್ದು ಮೂರು: ಮೀನು, ಬೀಡಿ, ಗಲ್ಫ್. ಮೀನಿನವರ ಮನೆಗಳನ್ನು ಉಳ್ಳಾಲ, ಸೋಮೇಶ್ವರ, ಉಚ್ಚಿಲದಲ್ಲಿ ಕಡಲ್ಕೊರೆತ ಕಾಡುತ್ತಿದೆ. ಕಲ್ಲು ಹಾಕಿದರು, ಕಡಲೊಳಗೆ ತಡೆ ಕಟ್ಟಿದರು, ಆದರೂ ಮಳೆಗಾಲ ಬಂತೆಂದರೆ ನಿದ್ದೆ ಇಲ್ಲ. ಉಮ್ಮಂದಿರು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಮಕ್ಕಳನ್ನು ಶಾಲೆಗೆ ಕಳಿಸಿದ್ದು. ಈಗ ಬ್ರಾಂಚಿನಲ್ಲಿ ಮೊದಲಿನಷ್ಟು ಎಲೆ ಸಿಗುವುದಿಲ್ಲ, ಹೆಣ್ಮಕ್ಕಳಿಗೆ ಆ ಕೆಲಸ ಬೇಡವೂ ಬೇಡ. ಗಲ್ಫಿನ ಕತೆ ಎಲ್ಲರಿಗೂ ಗೊತ್ತು. ಸೌದಿಯಲ್ಲಿ 2011ರಲ್ಲಿ ನಿತಾಕತ್ ಬಂತು, 2017ರಲ್ಲಿ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳ ಶುಲ್ಕ ಬಂತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದವರು ಎಷ್ಟೋ ಮಂದಿ, ಕೊನೆಗೆ ತಾವೂ ಬಂದವರು ಎಷ್ಟೋ ಮಂದಿ.

ಹಾಗಾದರೆ ಬಾಗಿಲಿಗೇ ಬಂದ ನಾಲ್ಕನೇ ದುಡಿಮೆಯಲ್ಲಿ ನಮ್ಮ ಪಾಲು ಏನು? ಕಾಲೇಜಿನ ಎದುರು ಜ್ಯೂಸ್ ಅಂಗಡಿ, ಹೋಟೆಲ್, ಮೊಬೈಲ್ ಅಂಗಡಿ, ರಿಕ್ಷಾ, ಬಾಡಿಗೆ ಕೋಣೆ. ಹಲಾಲಾದ ದುಡಿಮೆಗೆ ನಾಚಿಕೆ ಇಲ್ಲ. ಆದರೆ ಇದೆಲ್ಲ ಗೇಟಿನ ಹೊರಗಿನ ದುಡಿಮೆ. ರಜೆ ಬಂದರೆ ಅಂಗಡಿಯೂ ಖಾಲಿ, ಕೋಣೆಯೂ ಖಾಲಿ. ಜಾಗವನ್ನಂತೂ ಒಂದೇ ಸಲ ಮಾರ್ಲಿಕ್ಕಾಗುವುದು. ಗೇಟಿನ ಒಳಗೆ ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್, ವಾರ್ಡ್‌ಗಳಲ್ಲಿ ದುಡಿಯುವವರಲ್ಲಿ ದೂರದ ಕೇರಳದಿಂದ ಬಂದವರನ್ನು ಎಷ್ಟು ಕಾಣುತ್ತೇವೆ! ಅವರ ಮೇಲೆ ನಮಗೆ ಕೋಪವಿಲ್ಲ. ಅವರು ಕಲಿತು ಬಂದರು. ನಾವು ಕಲಿಯಲಿಲ್ಲ, ಅಷ್ಟೇ.

ಯಾಕೆ ಕಲಿಯಲಿಲ್ಲ? ನಮ್ಮಲ್ಲಿ ಮಗ ಒಂದೋ ಡಾಕ್ಟರ್ ಆಗಬೇಕು, ಇಲ್ಲದಿದ್ದರೆ ದುಬೈಗೆ ಹೋಗಬೇಕು. ನಡುವಿನ ದಾರಿ ಯಾರ ಲೆಕ್ಕದಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಆದವರು ಸೇರಬಹುದಾದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿವೆ, ನಾಲ್ಕು ವರ್ಷದ ನರ್ಸಿಂಗ್ ಪದವಿ ಇದೆ. ಹೆಣ್ಮಕ್ಕಳಿಗೆ ಹಾಸ್ಟೆಲ್ ಬೇಡ, ಮನೆಯಿಂದ ಒಂದೇ ಬಸ್ಸು. ರಾತ್ರಿ ಪಾಳಿಯ ಚಿಂತೆ ತಂದೆ ತಾಯಿಗೆ ಇರುವುದು ಸಹಜ. ಆದರೆ ಲ್ಯಾಬ್, ಫಾರ್ಮಸಿ, ಫಿಸಿಯೋಥೆರಪಿಯಂಥ ವಿಭಾಗಗಳಲ್ಲಿ ಹೆಚ್ಚಿನದು ಹಗಲಿನ ಕೆಲಸ. ನಮ್ಮ ಹೆಂಗಸರು ಆಸ್ಪತ್ರೆಗೆ ಹೋದಾಗ ಬ್ಯಾರಿ ಭಾಷೆ ಗೊತ್ತಿರುವ ನರ್ಸ್ ಸಿಕ್ಕಿದರೆ ಎಷ್ಟು ಸಮಾಧಾನ ಎಂದು ಮನೆಯವರನ್ನೇ ಕೇಳಿ.

ಫೀಸಿನ ಕಷ್ಟ ಸುಳ್ಳಲ್ಲ. ಅಲ್ಲಿಯೇ ಜಮಾಅತ್‌ಗಳ ಕೆಲಸ ಇರುವುದು. ನಮ್ಮದು ದೊಡ್ಡ ಬೇಡಿಕೆ ಅಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ, ಜುಮಾ ಮುಗಿದ ಮೇಲೆ, ಮದ್ರಸದಲ್ಲಿ ಮಕ್ಕಳನ್ನೂ ಹೆತ್ತವರನ್ನೂ ಕೂರಿಸಿ ಈ ಕೋರ್ಸುಗಳ ವಿವರ ಹೇಳಿ. ನಮ್ಮದೇ ಮೊಹಲ್ಲಾದಲ್ಲಿ ಆ ಕೆಲಸದಲ್ಲಿರುವ ಒಬ್ಬರನ್ನು ಮಾತಾಡಿಸಿ. ಸನ್ಮಾನದ ಶಾಲು, ಫಲಕಕ್ಕೆ ಹೋಗುವ ದುಡ್ಡಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿಯ ಫೀಸಿಗೆ ಸಹಾಯ ಮಾಡಿ. ಮೂರ್ನಾಲ್ಕು ಜಮಾಅತ್‌ಗಳು ಒಟ್ಟಾಗಿ ಹೋಗಿ, ಊರಿನ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಕೊಡಿ ಎಂದು ಸಂಸ್ಥೆಗಳನ್ನು ಕೇಳಿ. ಊರಿನ ಜಾಗದಲ್ಲಿ ಬೆಳೆದವರನ್ನು ಕೇಳುವ ಹಕ್ಕು ಊರಿನವರಿಗೆ ಉಂಟು.

ಉಮ್ಮ ಬೀಡಿ ಕಟ್ಟಿ ಓದಿಸಿದ್ದು ಮಗ ಆಸ್ಪತ್ರೆಯ ಗೇಟಿನ ಹೊರಗೆ ರಿಕ್ಷಾ ನಿಲ್ಲಿಸಿ ಕಾಯಲಿ ಎಂದಲ್ಲ. ಮಗಳು, ಮಗ ಇಬ್ಬರೂ ಆ ಗೇಟಿನ ಒಳಗೆ ಹೋಗಲಿ. ಈ ವರ್ಷದಿಂದಲೇ ಆಗಲಿ.