ಪರ್ಶಿಯಾದ ರಾಜಕುಮಾರ ಹುಣಸೂರಿನಲ್ಲಿ ಏಕೆ ಏಳುವುದಿಲ್ಲ?

ದಸರಾ ರಜೆ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಚಿಕ್ಕಪ್ಪನೋ ಅತ್ತೆಯ ಮಗನೋ ಕಾಲೇಜಿನ ದಿನಗಳಲ್ಲಿ ಮೈಸೂರಿನಿಂದ ತಂದಿಟ್ಟ ಸಿ.ಡಿ.ಗಳು ಅದರೊಳಗೆ ಸಿಗುತ್ತವೆ. ಅವುಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಪ್ರಿನ್ಸ್’, ‘ಡೇವ್’, ‘ರೋಡ್ ರ‍್ಯಾಶ್’, ‘ಏಜ್ ಆಫ್ ಎಂಪೈರ್ಸ್’ ಎಂದೆಲ್ಲ ಬರೆದಿರುತ್ತದೆ. ಮನೆಯ ಹುಡುಗನೋ ಹುಡುಗಿಯೋ ಆಸೆಯಿಂದ ಸಿ.ಡಿ. ಹಾಕಿ ಎರಡು ಬಾರಿ ಕ್ಲಿಕ್ ಮಾಡಿದರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಮೊದಲಿನಂತಾಗುತ್ತದೆ. ಇಲ್ಲವೇ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತದೆ. ಅಪ್ಪ ಬಂದು ನೋಡುವ ಹೊತ್ತಿಗೆ ಆ ಸಾಲನ್ನು ಯಾರೋ ಒತ್ತಿ ಅಳಿಸಿಯಾಗಿರುತ್ತದೆ.

ಆಮೇಲೆ ನಡೆಯುವುದು ಬಹುತೇಕ ಒಂದೇ ರೀತಿ. ‘ವೈರಸ್ ಬಂದಿದೆ’ ಎಂದು ಒಬ್ಬರು, ‘ಹಳೇ ಡಬ್ಬಾ, ಇನ್ನೇನು’ ಎಂದು ಇನ್ನೊಬ್ಬರು. ಕೊನೆಗೆ ಬಲ್ಲವರೊಬ್ಬರು ‘ಫಾರ್ಮ್ಯಾಟ್ ಹೊಡೆಸಿಬಿಡಿ’ ಎನ್ನುತ್ತಾರೆ. ಫಾರ್ಮ್ಯಾಟ್ ಎಂದರೆ ಹಾರ್ಡ್ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಅಕ್ಕನ ಪ್ರಾಜೆಕ್ಟು, ಮದುವೆಯ ಫೋಟೊಗಳು, ಸ್ಕ್ಯಾನ್ ಮಾಡಿಟ್ಟ ಪಹಣಿ, ತಂಬಾಕಿನ ಪರವಾನಗಿಯ ಕಾಗದ ಎಲ್ಲವೂ ಅದೇ ಡಿಸ್ಕಿನಲ್ಲಿರುತ್ತವೆ. ಒಂದು ಆಟಕ್ಕಾಗಿ ಇವನ್ನೆಲ್ಲ ಕಳೆದುಕೊಂಡ ಮೇಲೂ ಆಟ ಏಳುವುದಿಲ್ಲ. ಏಕೆಂದರೆ ತೊಂದರೆ ಡಿಸ್ಕಿನಲ್ಲಿ ಇರಲೇ ಇಲ್ಲ.

ಹಾಗಾದರೆ ಎಲ್ಲಿತ್ತು? ಯಾವ ಆಟವೇ ಆಗಲಿ, ಶುರುವಾಗುವ ಮುನ್ನ ಯಂತ್ರವನ್ನು ಕೆಲವು ಪ್ರಶ್ನೆ ಕೇಳುತ್ತದೆ. ನೀನು ಎಂಥ ಯಂತ್ರ? ಎಷ್ಟು ಜಾಗ ಖಾಲಿ ಇದೆ? ಎಷ್ಟು ಬಣ್ಣ ತೋರಿಸುತ್ತೀಯೆ? ನಾನು ತಂಗುವ ಕೋಣೆಯ ಹೆಸರೇನು? ಮೂವತ್ತು ವರ್ಷ ಹಿಂದಿನ ಯಂತ್ರ ಕೊಡುತ್ತಿದ್ದ ಉತ್ತರವನ್ನು ಇಂದಿನ ಯಂತ್ರ ಕೊಡುವುದಿಲ್ಲ. ಯಾವ ಪ್ರಶ್ನೆಗೆ ಉತ್ತರ ತಪ್ಪಿತು ಎಂಬುದನ್ನು ಆ ಅಳಿಸಿಹೋದ ಇಂಗ್ಲಿಷ್ ಸಾಲೇ ಹೇಳುತ್ತಿತ್ತು. ಆದುದರಿಂದ ಮೊದಲ ಕೆಲಸ ಆ ಸಾಲನ್ನು ಅಕ್ಷರ ಬಿಡದಂತೆ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮೊಬೈಲಿನಲ್ಲಿ ಫೋಟೊ ತೆಗೆದರೂ ಆಯಿತು.

‘ಪ್ರಿನ್ಸ್ ಆಫ್ ಪರ್ಶಿಯಾ’ವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಜೋರ್ಡನ್ ಮೆಕ್ನರ್ ಇದನ್ನು ಬರೆದು 1989ರಲ್ಲಿ ಆ್ಯಪಲ್-2 ಯಂತ್ರಕ್ಕೆ ಬಿಡುಗಡೆ ಮಾಡಿದ. ನಮ್ಮವರು ಆಡಿದ ಡಾಸ್ ಆವೃತ್ತಿ ಬಂದದ್ದು 1990ರಲ್ಲಿ. ಅದು 16 ಬಿಟ್ ಲೆಕ್ಕದಲ್ಲಿ ಬರೆದ ಆಟ. ವಿಂಡೋಸಿನ 32 ಬಿಟ್ ಆವೃತ್ತಿಗಳಲ್ಲಿ ಇಂಥ ಹಿರಿಯರನ್ನು ನೋಡಿಕೊಳ್ಳಲು ಒಂದು ವ್ಯವಸ್ಥೆ ಇತ್ತು. 64 ಬಿಟ್ ವಿಂಡೋಸಿನಲ್ಲಿ ಅದನ್ನು ತೆಗೆದುಹಾಕಲಾಗಿದೆ. 2021ರಲ್ಲಿ ಬಂದ ವಿಂಡೋಸ್-11ಕ್ಕಂತೂ 32 ಬಿಟ್ ರೂಪವೇ ಇಲ್ಲ. ಹೀಗಾಗಿ ‘ಈ ಆ್ಯಪ್ ನಿಮ್ಮ ಪಿ.ಸಿ.ಯಲ್ಲಿ ನಡೆಯದು’ ಎಂಬರ್ಥದ ಸಂದೇಶ ಬಂದರೆ ಸಿ.ಡಿ.ಯನ್ನು ಒರೆಸಿ ಪ್ರಯೋಜನವಿಲ್ಲ, RAM ಹೆಚ್ಚಿಸಿದರೂ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶ. 2002ರಿಂದ ಬಳಕೆಯಲ್ಲಿರುವ ಇದು ಹೊಸ ಯಂತ್ರದೊಳಗೆ ಒಂದು ಹಳೆಯ ಯಂತ್ರದ ವೇಷ ಕಟ್ಟುತ್ತದೆ. ಗಾತ್ರ ಒಂದೂವರೆ ಎಂ.ಬಿ.ಯಷ್ಟು. ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಸಿಗದವರು ತಾಲ್ಲೂಕು ಕೇಂದ್ರಕ್ಕೆ ಹೋದಾಗ ಪೆನ್ ಡ್ರೈವಿನಲ್ಲಿ ತಂದುಕೊಳ್ಳಬಹುದು. ಸಿ ಡ್ರೈವಿನಲ್ಲಿ ಎಂಟು ಅಕ್ಷರ ಮೀರದ ಹೆಸರಿನ ಒಂದು ಫೋಲ್ಡರ್ ಮಾಡಿ ಆಟವನ್ನು ಅಲ್ಲಿ ಇಡಬೇಕು. ಎಂಟೇ ಏಕೆಂದರೆ ಡಾಸ್‌ಗೆ ಅದಕ್ಕಿಂತ ಉದ್ದದ ಹೆಸರು ಓದಲು ಬಾರದು. ಡಾಸ್‌ಬಾಕ್ಸ್ ತೆರೆದು ‘ಮೌಂಟ್’ ಎಂಬ ಆಜ್ಞೆ, ನಂತರ ‘ಸಿ’ ಅಕ್ಷರ, ನಂತರ ಆ ಫೋಲ್ಡರಿನ ಪೂರ್ತಿ ವಿಳಾಸ ಟೈಪ್ ಮಾಡಬೇಕು. ಮುಂದಿನ ಸಾಲಿನಲ್ಲಿ ‘ಸಿ’ ಮತ್ತು ವಿವರಣಾ ಚಿಹ್ನೆಯ ಎರಡು ಚುಕ್ಕೆ, ಅದರ ಮುಂದಿನ ಸಾಲಿನಲ್ಲಿ ಆಟದ ಫೈಲಿನ ಹೆಸರು. ರಾಜಕುಮಾರ ಸೆರೆಮನೆಯಲ್ಲಿ ಎದ್ದು ನಿಲ್ಲುತ್ತಾನೆ. ಆಟ ತೆವಳಿದರೆ ಕಂಟ್ರೋಲ್ ಜೊತೆ ಎಫ್12, ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ವೇಗ ಹದಕ್ಕೆ ತರಬಹುದು. ಮೌಸ್ ಒಳಗೆ ಸಿಕ್ಕಿಕೊಂಡರೆ ಕಂಟ್ರೋಲ್ ಜೊತೆ ಎಫ್10.

ವೇಗದ ಮಾತು ಬಂತು. ಹಳೆಯ ಯಂತ್ರದ ನಿಧಾನವೇ ಆಟ ನಿಲ್ಲಲು ಕಾರಣ ಎಂದು ಎಲ್ಲರೂ ತಿಳಿಯುತ್ತಾರೆ. ಎಷ್ಟೋ ಬಾರಿ ಸಂಗತಿ ತಿರುಗುಮುರುಗು. ಟರ್ಬೊ ಪ್ಯಾಸ್ಕಲ್ ಎಂಬ ಭಾಷೆಯಲ್ಲಿ ಬರೆದ ಹಲವು ಡಾಸ್ ಕಾರ್ಯಕ್ರಮಗಳು ‘ರನ್‌ಟೈಮ್ ಎರರ್ 200’ ಎಂದು ಹೇಳಿ ಸಾಯುತ್ತವೆ. 200 ಎಂದರೆ ಸೊನ್ನೆಯಿಂದ ಭಾಗಿಸಿದ ದೋಷದ ಸಂಖ್ಯೆ. ನಡೆದದ್ದು ಇಷ್ಟೆ: ಶುರುವಿನಲ್ಲಿ ಕಾರ್ಯಕ್ರಮವು ಸೆಕೆಂಡಿನ ಸುಮಾರು ಹದಿನೆಂಟನೇ ಒಂದು ಭಾಗದಲ್ಲಿ ಎಷ್ಟು ಸುತ್ತು ಎಣಿಸಬಲ್ಲೆ ಎಂದು ನೋಡಿ, ಬಂದ ಸಂಖ್ಯೆಯನ್ನು ಭಾಗಿಸಿ ಇಟ್ಟುಕೊಳ್ಳುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ಬಂದ ಪೆಂಟಿಯಮ್-2 ವರ್ಗದ ಯಂತ್ರಗಳು ಎಷ್ಟು ಬೇಗ ಎಣಿಸಿದವೆಂದರೆ, ಭಾಗಲಬ್ಧ ಅದಕ್ಕೆ ಮೀಸಲಿಟ್ಟ ಜಾಗದಲ್ಲಿ ಹಿಡಿಸಲಿಲ್ಲ. ಪ್ರೊಸೆಸರ್ ಇದನ್ನೂ ಸೊನ್ನೆಯ ಭಾಗಾಕಾರದ ದೋಷವೆಂದೇ ಸಾರುತ್ತದೆ. ಲೆಕ್ಕದಲ್ಲಿ ಸೊನ್ನೆಯೇ ಇರಲಿಲ್ಲ! ಗಣಿತದ ಮೇಷ್ಟ್ರಿಗೆ ಹೇಳಿದರೆ ನಕ್ಕಾರು. ಡಾಸ್‌ಬಾಕ್ಸಿನಲ್ಲಿ ವೇಗ ತಗ್ಗಿಸಿದರೆ ಇದು ಕಾಣಿಸುವುದಿಲ್ಲ.

ಜಾಗದ ಕಥೆಯೂ ಇದೇ. ಐನೂರು ಜಿ.ಬಿ. ಡಿಸ್ಕಿನಲ್ಲಿ ಮುಕ್ಕಾಲು ಖಾಲಿ ಇದ್ದರೂ ಕೆಲವು ಹಳೆಯ ಸೆಟಪ್‌ಗಳು ‘ಡಿಸ್ಕಿನಲ್ಲಿ ಜಾಗವಿಲ್ಲ’ ಎನ್ನುತ್ತವೆ. 32 ಬಿಟ್‌ನಲ್ಲಿ ಧನ, ಋಣ ಎರಡನ್ನೂ ಬರೆಯುವ ಕ್ರಮದಲ್ಲಿ ಅತ್ಯಂತ ದೊಡ್ಡ ಸಂಖ್ಯೆ 2,147,483,647. ಎರಡು ಜಿ.ಬಿ. ದಾಟಿದೊಡನೆ ಅದು ಉರುಳಿ ಋಣಸಂಖ್ಯೆಯಾಗುತ್ತದೆ. ಮನೆ ತುಂಬ ಜಾಗವಿದ್ದವನನ್ನು ಸಾಲಗಾರನೆಂದು ಓದಿದ ಹಾಗೆ. ಮೇಜಿನ ಡ್ರಾಯರಿನಲ್ಲಿ ಬಿದ್ದಿರುವ ಒಂದು ಜಿ.ಬಿ.ಯ ಹಳೆಯ ಪೆನ್ ಡ್ರೈವ್ ಹಾಕಿ, ಆಟವನ್ನು ಅದರೊಳಗೇ ಸ್ಥಾಪಿಸು ಎಂದು ಸೆಟಪ್‌ಗೆ ಹೇಳಿದರೆ ಹಲವು ಸಾರಿ ಕೆಲಸ ಮುಗಿಯುತ್ತದೆ.

ಇವೆಲ್ಲ ಲೋಕದ ಎಲ್ಲ ಕಡೆಯ ತೊಂದರೆಗಳು. ಕನ್ನಡದವರಿಗೇ ವಿಶೇಷವಾಗಿ ಬರುವ ಒಂದು ಉಂಟು. ಅಭಿಮಾನದಿಂದ ಕಂಪ್ಯೂಟರಿನ ಬಳಕೆದಾರರ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದ ಮನೆಗಳಲ್ಲಿ ಇದು ಕಾಣುತ್ತದೆ. ಹೊಸ ಖಾತೆಗೆ ‘ಮಂಜುಳಾ’ ಎಂದು ಕನ್ನಡದಲ್ಲೇ ಹೆಸರಿಟ್ಟರೆ ವಿಂಡೋಸ್ ಅದೇ ಹೆಸರಿನ ಫೋಲ್ಡರನ್ನೂ ಮಾಡಿಕೊಳ್ಳುತ್ತದೆ. ಸೆಟಪ್‌ಗಳು ತಾತ್ಕಾಲಿಕವಾಗಿ ಫೈಲುಗಳನ್ನು ಬಿಚ್ಚಿಡುವ ‘ಟೆಂಪ್’ ಎಂಬ ಕೋಣೆ ಇರುವುದು ಆ ಫೋಲ್ಡರಿನ ಒಳಗೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತ್ತು ನಿಜ, ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡ ತೋರಿಸಿತು ನಿಜ. ಆದರೆ ಹಳೆಯ ಆಟಗಳು ಯೂನಿಕೋಡ್ ಕಲಿತವುಗಳಲ್ಲ. ಅವು ಓದುವ ಹಳೆಯ ಸಂಕೇತಪಟ್ಟಿಗಳಲ್ಲಿ ರಷ್ಯನ್, ಗ್ರೀಕ್ ಭಾಷೆಗಳಿಗೆ ಒಂದೊಂದು ಪಟ್ಟಿ ಇತ್ತು, ಕನ್ನಡಕ್ಕೆ ವಿಂಡೋಸಿನಲ್ಲಿ ಅಂಥ ಪಟ್ಟಿಯೇ ಇರಲಿಲ್ಲ. ಹೀಗಾಗಿ ‘ಮಂಜುಳಾ’ ಎಂಬ ಹೆಸರು ಆಟದ ಕಿವಿಗೆ ಬೀಳುವುದು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ. ಪ್ರಶ್ನಾರ್ಥಕ ಚಿಹ್ನೆಯುಳ್ಳ ಫೋಲ್ಡರ್ ವಿಂಡೋಸಿನಲ್ಲಿ ಇರುವಂತೆಯೇ ಇಲ್ಲ. ದಾರಿ ಸಿಗದೆ ಸೆಟಪ್ ಕುಸಿಯುತ್ತದೆ.

ಕಂಟ್ರೋಲ್ ಪ್ಯಾನಲಿಗೆ ಹೋಗಿ ಹೆಸರು ಬದಲಿಸಿದರೆ ಸಾಲದು, ಬದಲಾಗುವುದು ಬಾಗಿಲ ಮೇಲಿನ ಫಲಕ ಮಾತ್ರ, ಒಳಗಿನ ಫೋಲ್ಡರ್ ಹಾಗೇ ಉಳಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಎರಡನೆಯ ಖಾತೆಯೊಂದನ್ನು ತೆರೆದು, ಹಳೆಯ ಆಟಗಳನ್ನು ಅಲ್ಲಿಂದ ಸ್ಥಾಪಿಸುವುದು ಸುಲಭದ ದಾರಿ. ಮಂಜುಳಾ ಕನ್ನಡದಲ್ಲೇ ಇರಲಿ. ಅವಳ ಹೆಸರಿನಲ್ಲಿ ದೋಷವಿಲ್ಲ. ಆಟದ ಫೈಲುಗಳನ್ನು ‘ನನ್ನ ಆಟಗಳು’ ಎಂಬ ಕನ್ನಡ ಫೋಲ್ಡರಿನಲ್ಲಿ ಇಟ್ಟಾಗಲೂ ಇದೇ ತೊಂದರೆ ಬರುತ್ತದೆ.

ಇನ್ನು ‘ಸಿ.ಡಿ. ಹಾಕಿ’ ಎಂದು ಆಟ ಹಟ ಹಿಡಿಯುವುದು. ಸಿ.ಡಿ. ಒಳಗೇ ಇರುತ್ತದೆ! ಕಳ್ಳಪ್ರತಿ ತಡೆಯಲು ಆ ಕಾಲದ ಹಲವು ಆಟಗಳಲ್ಲಿ ‘ಸೇಫ್‌ಡಿಸ್ಕ್’ ಎಂಬ ಬೀಗ ಹಾಕಿದ್ದರು. ಅದರ ಡ್ರೈವರಿನಿಂದ ಯಂತ್ರದ ಭದ್ರತೆಗೇ ಅಪಾಯವೆಂದು 2015ರಲ್ಲಿ ಬಂದ ವಿಂಡೋಸ್-10ರಲ್ಲಿ ಮೈಕ್ರೊಸಾಫ್ಟ್ ಅದಕ್ಕೆ ಅವಕಾಶ ಕೊಡಲಿಲ್ಲ. ಹಣ ಕೊಟ್ಟು ಕೊಂಡವನೂ ಹೊರಗೆ ನಿಲ್ಲಬೇಕಾಯಿತು. ಇಲ್ಲೇ ಮಕ್ಕಳು ಎಡವುವುದು. ಬೀಗ ಒಡೆಯುವ ‘ಕ್ರ‍್ಯಾಕ್’ ಹುಡುಕಿ ಇಳಿಸಿಕೊಳ್ಳುತ್ತಾರೆ, ಅದು ‘ಆ್ಯಂಟಿವೈರಸ್ ಆರಿಸಿ’ ಎನ್ನುತ್ತದೆ, ಆರಿಸುತ್ತಾರೆ. ಅಪ್ಪನ ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲಿ ಇದು ಸಲ್ಲದು. ಆ ಆಟವನ್ನೇ ಆಡಬೇಕೆಂದರೆ ಕಂಪನಿಯೇ ಹೊರತಂದ ಹೊಸ ರೂಪ ಇದೆಯೇ ನೋಡಬೇಕು. ‘ಏಜ್ ಆಫ್ ಎಂಪೈರ್ಸ್’ 1997ರ ಆಟ, ಅದರ ಹೊಸ ರೂಪ 2018ರಲ್ಲಿ ಬಂತು.

ಬೀಗದ ವಿಷಯದಲ್ಲಿ ರಾಜಕುಮಾರ ಇನ್ನೂ ಚತುರ. ಆರಂಭದ ಒಂದು ಘಟ್ಟ ಮುಗಿದ ಮೇಲೆ ಅಕ್ಷರಗಳಿರುವ ಔಷಧದ ಸೀಸೆಗಳ ಕೋಣೆ ಬರುತ್ತದೆ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನೇ ಕುಡಿಯಬೇಕು. ತಪ್ಪಿದರೆ ರಾಜಕುಮಾರನಿಗೆ ಕುತ್ತು. ಫ್ಲಾಪಿಯಿಂದ ಫ್ಲಾಪಿಗೆ ಇಳಿಸಿಕೊಂಡವರ ಬಳಿ ಕೈಪಿಡಿ ಎಲ್ಲಿಂದ ಬರಬೇಕು? ಆಟ ಕೆಟ್ಟಿದೆ ಎಂದು ಬೈದುಕೊಂಡೇ ಬಿಟ್ಟವರುಂಟು.

‘ಡೈರೆಕ್ಟ್‌ಪ್ಲೇ ಬೇಕು’ ಎಂಬ ಸಂದೇಶ ಬಂದರೆ ಹೆದರಬೇಕಿಲ್ಲ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಲೆಗಸಿ ಕಾಂಪೊನೆಂಟ್ಸ್ ಎಂಬಲ್ಲಿ ಅದಕ್ಕೊಂದು ಗುರುತು ಹಾಕಿದರಾಯಿತು. ಹುಲ್ಲು ಕೆಂಪಾಗಿ, ನೀರು ನೇರಳೆಯಾಗಿ ಕಂಡರೆ ಅದು 256 ಬಣ್ಣದ ಕಾಲದ ಆಟ. ಆಟದ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಬಣ್ಣ ತಗ್ಗಿಸುವ ಆಯ್ಕೆ ಇದೆ.

ಆಟ ಶುರುವಾಗಿ ನಡುವೆ ಕುಸಿದರೆ ಲೆಕ್ಕ ಬೇರೆ. ಪ್ರತಿ ಸಲವೂ ಒಂದೇ ಜಾಗದಲ್ಲಿ, ಅದೇ ಸೇತುವೆ ದಾಟುವಾಗ ನಿಂತರೆ ಆ ಭಾಗದ ಫೈಲು ಕೆಟ್ಟಿರಬಹುದು, ಸಿ.ಡಿ.ಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಪುನಃ ಸ್ಥಾಪಿಸಬೇಕು. ಗುಂಡಗೆ ಒರೆಸಬಾರದು. ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಅರ್ಧ ಗಂಟೆಗೆ, ಎಲ್ಲೆಂದರಲ್ಲಿ ನಿಂತರೆ ಆಟವನ್ನು ಬಿಟ್ಟು ಡಬ್ಬಿಯ ಒಳಗೆ ನೋಡಬೇಕು. ಬ್ಯಾರನ್ನಿನಲ್ಲಿ ಎಲೆ ಬೇಯಿಸುವವರಿಗೆ ಬಿಸಿಯ ವಿಷಯ ಹೇಳಿಕೊಡಬೇಕಾಗಿಲ್ಲ. ಗಾಳಿ ಆಡದಿದ್ದರೆ ಏನಾಗುವುದೆಂದು ಅವರು ಬಲ್ಲರು. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಧೂಳು ಮೆತ್ತಿದರೆ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ವಿದ್ಯುತ್ ತಂತಿ ಕಿತ್ತು, ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯುವುದು ಅರ್ಧ ಗಂಟೆಯ ಕೆಲಸ, ದೊಡ್ಡವರೊಬ್ಬರು ಜೊತೆಗಿರಲಿ. ಸ್ಥಾಪನೆ ನಡೆಯುತ್ತಿದ್ದಾಗಲೇ ಕರೆಂಟ್ ಹೋದರೆ ಅರ್ಧ ಬಂದ ಫೈಲುಗಳ ಮೇಲೆ ಮತ್ತೆ ಸ್ಥಾಪಿಸದೆ, ಹಳೆಯದನ್ನು ಪೂರ್ತಿ ತೆಗೆದು ಮೊದಲಿನಿಂದ ಮಾಡಬೇಕು.

ಆಟ ಒಮ್ಮೆ ಎದ್ದ ಮೇಲೆ ಸಿ.ಡಿ.ಯ ಇಮೇಜ್ ಪ್ರತಿಯೊಂದನ್ನು ಮನೆಯ ಬೇರೆ ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಫ್ಲಾಪಿ, ಸಿ.ಡಿ.ಗಳು ಶಾಶ್ವತವಲ್ಲ. ಸ್ವತಃ ಮೆಕ್ನರ್ ‘ಪ್ರಿನ್ಸ್ ಆಫ್ ಪರ್ಶಿಯಾ’ದ ಮೂಲ ಬರಹವನ್ನು ಎರಡು ದಶಕಕ್ಕೂ ಮೀರಿ ಕಳೆದುಕೊಂಡಿದ್ದ. 2012ರಲ್ಲಿ ಅವನ ತಂದೆ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆಯೊಂದನ್ನು ತೆರೆದಾಗ ಆ ಫ್ಲಾಪಿಗಳು ಸಿಕ್ಕವು. ಬಲ್ಲವರನ್ನು ಕರೆಸಿ, ಹಳೆಯ ಆ್ಯಪಲ್ ಯಂತ್ರಗಳನ್ನು ಹೊಂದಿಸಿ ಅವನ್ನು ಓದಿಸಿದರು. ಅದೃಷ್ಟಕ್ಕೆ ಓದಲು ಬಂದವು.