ಗುಂಪಿನೊಳಗಿನ ಕ್ಯಾಮೆರಾ

ಅಮೆರಿಕದ ಪಂಕ್ ತಂಡ ಗ್ರೀನ್ ಡೇ 1994ರಲ್ಲಿ ಹೊರತಂದ ‘ಡೂಕಿ’ ಆಲ್ಬಮ್ಮಿನ ಮುಖಪುಟವನ್ನು ಈ ತಿಂಗಳು ಮತ್ತೊಮ್ಮೆ ಹರಡಿಕೊಂಡು ನೋಡಿದೆವು. ರಿಚಿ ಬುಚರ್ ಬರೆದ ಚಿತ್ರ ಅದು. ಬೀದಿ, ನಾಯಿ, ಹೊಗೆ, ಸ್ಫೋಟ, ಒಬ್ಬರ ಮೇಲೊಬ್ಬರು ಬಿದ್ದಂತಿರುವ ಜನ. ಆ ಜಂಗುಳಿಯಲ್ಲಿ ಗಡ್ಡಧಾರಿಯೊಬ್ಬರು ಕ್ಯಾಮೆರಾ ಹಿಡಿದಿದ್ದಾರೆ. ಅವರು ಮರ್ರೆ ಬೌಲ್ಸ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಗಿಲ್ಮನ್ ಬೀದಿಯ 924ನೇ ನಂಬರಿನ ಕಟ್ಟಡದಲ್ಲಿ ವಾರವಾರವೂ ನಡೆಯುತ್ತಿದ್ದ ಪಂಕ್ ಗಿಗ್‌ಗಳ, ಅಂದರೆ ಸಂಗೀತ ಕಾರ್ಯಕ್ರಮಗಳ, ಫೋಟೊ ತೆಗೆಯುತ್ತಿದ್ದವರು. ಅಮೆರಿಕವೊಂದರಲ್ಲೇ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಲ್ಬಮ್ಮಿದು. ಅದರ ಮುಖಪುಟದಲ್ಲಿ ಓಣಿಯ ಫೋಟೊಗ್ರಾಫರ್‌ಗೂ ಒಂದು ಜಾಗ ಸಿಕ್ಕಿತಲ್ಲ, ಅದಕ್ಕೆ ಕಾರಣವಾದ ನಂಟಿನ ಬಗ್ಗೆ ಬರೆಯಬೇಕೆನ್ನಿಸಿತು.

ಗಿಲ್ಮನ್ ಎಂದೇ ಕರೆಯುವ ಈ ಜಾಗ ಶುರುವಾದದ್ದು 1986ರ ಡಿಸೆಂಬರ್ 31ರ ರಾತ್ರಿ. ಗೋದಾಮಿನಂಥ ಕಟ್ಟಡ. ಪಕ್ಕದಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುವ ಅಂಗಡಿ. ‘ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್’ ಎಂಬ ಪಂಕ್ ಪತ್ರಿಕೆಯ ಟಿಮ್ ಯೊಹಾನನ್ ಮತ್ತು ಗೆಳೆಯರು ಸೇರಿ ಕಟ್ಟಿಕೊಂಡ ಜಾಗ ಇದು. ಅಲ್ಲಿ ಮದ್ಯ ಮಾರುವುದಿಲ್ಲ. ಹಾಗಾಗಿ ಹೈಸ್ಕೂಲು ಹುಡುಗರೂ ಒಳಗೆ ಬರಬಹುದು. ಟಿಕೆಟ್ ಕೊಡುವವರು, ಮೈಕ್ ಸರಿಮಾಡುವವರು, ಕೊನೆಗೆ ಕಸ ಗುಡಿಸುವವರು, ಎಲ್ಲರೂ ಸಂಬಳವಿಲ್ಲದೆ ದುಡಿಯುವವರೇ. ಜನಾಂಗದ್ವೇಷ, ಹೆಣ್ಣನ್ನು ಹೀಗಳೆಯುವುದು, ಸಲಿಂಗಪ್ರೇಮಿಗಳನ್ನು ಹಂಗಿಸುವುದು, ಹೊಡೆದಾಟ, ಇವ್ಯಾವುದಕ್ಕೂ ಆಸ್ಪದವಿಲ್ಲವೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ದೊಡ್ಡ ರೆಕಾರ್ಡ್ ಕಂಪನಿಗಳ ಜೊತೆ ಕರಾರು ಮಾಡಿಕೊಂಡ ತಂಡಗಳಿಗೆ ಅಲ್ಲಿ ವೇದಿಕೆ ಇರಲಿಲ್ಲ. ಅಲ್ಲೇ ಆಡಿ ಬೆಳೆದ ಗ್ರೀನ್ ಡೇ ತಂಡಕ್ಕೂ ಈ ನಿಯಮ ತಪ್ಪಲಿಲ್ಲ. ಅವರು ಮತ್ತೆ ಅಲ್ಲಿ ನುಡಿಸಿದ್ದು 2015ರಲ್ಲಿ, ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ. ನಮ್ಮ ಸಾಫ್ಟ್‌ವೇರ್ ಕನ್ನಡಿಗರು ನೆಲೆಸಿರುವ ಫ್ರೀಮಾಂಟ್, ಸನಿವೇಲ್ ಕಡೆಯಿಂದ ಈ ಜಾಗ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಬೌಲ್ಸ್ ಕೂಡ ಹಗಲು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದವರೇ.

ಅವರು ಫೋಟೊ ತೆಗೆಯುತ್ತಿದ್ದ ರೀತಿಯನ್ನು ಕಂಡವರೆಲ್ಲ ಒಂದೇ ಥರ ವರ್ಣಿಸುತ್ತಾರೆ. ಕುಣಿಯುವವರ ನಡುವೆ ನುಗ್ಗಿ, ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಿಂಡಿಯಲ್ಲಿ ಕಣ್ಣಿಡದೆಯೇ ಕ್ಲಿಕ್ಕಿಸುವುದು. ಕಣ್ಣಿಟ್ಟು ಫ್ರೇಮು ಕೂಡಿಸುತ್ತ ನಿಂತರೆ ಆ ನೂಕಾಟದಲ್ಲಿ ಹುಬ್ಬು ಒಡೆಯುವುದು ಖಂಡಿತ. ಇಂಥ ಕಡೆ ನಡೆಯುವುದು ಅಗಲ ನೋಟದ ಲೆನ್ಸು ಮತ್ತು ಫ್ಲ್ಯಾಶು. ಐದಾರು ಅಡಿಗೆ ಫೋಕಸ್ಸನ್ನು ಮೊದಲೇ ನಿಲ್ಲಿಸಿ, ಅಪರ್ಚರ್ ಕಿರಿದು ಮಾಡಿಕೊಂಡರೆ ಆ ಅಂತರದ ಆಸುಪಾಸಿನಲ್ಲಿ ಬಂದದ್ದೆಲ್ಲ ಸ್ಪಷ್ಟ. ಫ್ಲ್ಯಾಶಿನ ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ ಹೊತ್ತು ಮಿಂಚುವುದರಿಂದ ಹಾರಿದವನು ಗಾಳಿಯಲ್ಲೇ ನಿಲ್ಲುತ್ತಾನೆ. ರೀಲಿಗೆ 36 ಚಿತ್ರ. ಬೆವರಿನ ಹಬೆಗೆ ಲೆನ್ಸು ಮಂಜಾಗುತ್ತದೆ, ಅಂಗಿಯ ತುದಿಯಲ್ಲಿ ಒರೆಸಿಕೊಳ್ಳಬೇಕು.

ಬೌಲ್ಸ್ ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಮುಖಗಳು. ಹಾಡುವವನ ಮೈಕಿಗೆ ಬಾಯಿ ತಾಗಿಸಿ ಕೂಗುತ್ತಿರುವ ಮೂವರು. ಇನ್ನೊಬ್ಬನ ಹೆಗಲ ಮೇಲೆ ಕೈಯೂರಿ ಮೇಲೆದ್ದವನು. ಕೂದಲು ಹಣೆಗಂಟಿಸಿಕೊಂಡು ಬಾಯ್ತುಂಬ ನಗುತ್ತಿರುವವನು. ವೇದಿಕೆ ತಗ್ಗಿನದು, ನಡುವೆ ಬೇಲಿ ಇಲ್ಲ. ಹಾಡುವವರು ಯಾರು, ಕೇಳುವವರು ಯಾರೆಂದು ಹೇಳುವುದೇ ಕಷ್ಟ. ಪಂಕ್ ಎಂದೊಡನೆ ಆ ಕಾಲದ ದಿನಪತ್ರಿಕೆಗಳು ರಕ್ತ, ಮುಷ್ಟಿ, ಸೇಫ್ಟಿಪಿನ್ನುಗಳನ್ನೇ ಹುಡುಕುತ್ತಿದ್ದವು. ತಂಡಗಳೂ ಅದನ್ನೇ ನಟಿಸಿ ತೋರಿಸಿದ್ದುಂಟು. ಲಾಸ್ ಏಂಜಲೀಸಿನ ಬ್ಲ್ಯಾಕ್ ಫ್ಲ್ಯಾಗ್ ತಂಡದ ‘ಡ್ಯಾಮೇಜ್ಡ್’ ಆಲ್ಬಮ್ಮಿಗೆ 1981ರಲ್ಲಿ ಎಡ್ ಕೋಲ್ವರ್ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಗಾಯಕ ಹೆನ್ರಿ ರೋಲಿನ್ಸ್ ಕನ್ನಡಿಗೆ ಗುದ್ದಿರುವಂತೆ ಕಾಣುತ್ತಾರೆ. ಆ ಕನ್ನಡಿಯನ್ನು ಒಡೆದದ್ದು ಸುತ್ತಿಗೆಯಿಂದ, ರಕ್ತಕ್ಕೆ ಬಳಸಿದ್ದು ಕೆಂಪು ಶಾಯಿ ಮತ್ತು ಕಾಫಿಪುಡಿ. ಅದು ಶಕ್ತಿಯುತ ಚಿತ್ರವೆಂಬುದರಲ್ಲಿ ಅನುಮಾನವಿಲ್ಲ. ಆದರೂ ಬೌಲ್ಸ್ ಅವರ ನಗುವ ಹುಡುಗರ ಮುಂದೆ ಅದನ್ನು ಇಟ್ಟರೆ, ಆ ಜಗತ್ತನ್ನು ಹೆಚ್ಚು ಬಲ್ಲದ್ದು ಈ ಹುಡುಗರ ಚಿತ್ರವೇ ಎಂದು ನಮಗನ್ನಿಸುತ್ತದೆ.

ಚಿತ್ರ ತೆಗೆದಷ್ಟಕ್ಕೇ ಅವರ ಕೆಲಸ ಮುಗಿಯುತ್ತಿರಲಿಲ್ಲ. ಪ್ರಿಂಟು ಹಾಕಿಸಿ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮುಂದಿನ ಗಿಗ್ಗಿಗೆ ತರುತ್ತಿದ್ದರು. ಹುಡುಗರು ಪೆಟ್ಟಿಗೆಯ ಸುತ್ತ ಮುತ್ತಿ ತಮ್ಮನ್ನು ತಾವು ಹುಡುಕಿಕೊಂಡು, ಪ್ರಿಂಟಿನ ಖರ್ಚಿನಷ್ಟೇ ಕೊಟ್ಟು ಒಯ್ಯುತ್ತಿದ್ದರು. ಸೊಗಸಾಗಿ ಅಚ್ಚಾದ ಎಷ್ಟೋ ಛಾಯಾಚಿತ್ರ ಸಂಪುಟಗಳಿಗಿಂತ ಈ ಪೆಟ್ಟಿಗೆ ದೊಡ್ಡದು ಎಂದು ನಾವು ನಂಬುತ್ತೇವೆ. ಚಿತ್ರದಲ್ಲಿರುವವರೇ ಅದರ ಮೊದಲ ನೋಡುಗರು. ತಪ್ಪಾಗಿ ತೋರಿಸಿದರೆ ಮುಂದಿನ ವಾರ ಎದುರು ನಿಂತು ಕೇಳುವವರೂ ಅವರೇ.

ಇದರ ಪಕ್ಕದಲ್ಲಿ ಇವತ್ತಿನ ದೊಡ್ಡ ಸಂಗೀತ ಕಾರ್ಯಕ್ರಮಗಳ ಪದ್ಧತಿಯನ್ನಿಟ್ಟು ನೋಡಿ. ಫೋಟೊಗ್ರಾಫರ್‌ಗಳಿಗೆ ವೇದಿಕೆಯ ಮುಂದೆ ಬೇಲಿ ಕಟ್ಟಿದ ಸಂದಿನಲ್ಲಿ ಜಾಗ. ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಬಳಸುವಂತಿಲ್ಲ. ಆಮೇಲೆ ಹೊರಗೆ. ಚಿತ್ರದ ಹಕ್ಕು ಕಲಾವಿದರ ಕಂಪನಿಗೇ ಸೇರಬೇಕೆಂದು ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ. ಬೆವರು ಹರಿಯುವ ಮೊದಲೇ, ಗಂಟಲು ಒಡೆಯುವ ಮೊದಲೇ ಕ್ಯಾಮೆರಾಗಳನ್ನು ಆಚೆ ಕಳಿಸಿದರೆ ಸಿಗುವುದು ಪ್ರಚಾರದ ಚಿತ್ರ ಮಾತ್ರ.

ಪಂಕ್ ಚಿತ್ರಗಳ ಆ ಗಡಸು ಕಪ್ಪು ಬಿಳುಪಿನಲ್ಲಿ ಬಡತನದ ಪಾಲೂ ಇದೆ. ಬ್ಯಾಂಡಿನ ಭಿತ್ತಿಪತ್ರ, ಅಭಿಮಾನಿಗಳು ಮನೆಯಲ್ಲೇ ಹೊಲಿದ ಫ್ಯಾನ್‌ಜೀನ್ ಎಂಬ ಪುಟ್ಟ ಪತ್ರಿಕೆ, ಎಲ್ಲವೂ ಜೆರಾಕ್ಸ್ ಮೆಷಿನ್ನಿನಿಂದ ಬರುತ್ತಿದ್ದ ಕಾಲ. ಜೆರಾಕ್ಸು ನಡುವಿನ ಬೂದುಬಣ್ಣಗಳನ್ನು ನುಂಗಿಹಾಕುತ್ತದೆ. ಫ್ಲ್ಯಾಶಿನಲ್ಲಿ ತೆಗೆದ, ಮುಖ ಬೆಳ್ಳಗೆ ಹಿನ್ನೆಲೆ ಕಗ್ಗತ್ತಲಾದ ಚಿತ್ರ ಮಾತ್ರ ಅಷ್ಟು ಸಲ ನಕಲಾದ ಮೇಲೂ ಉಳಿಯುತ್ತಿತ್ತು. ಕಾಸಿಲ್ಲದವರ ಮುದ್ರಣವೇ ಅವರ ಚಿತ್ರಶೈಲಿಯನ್ನೂ ತಿದ್ದಿತು.

ವಾಷಿಂಗ್ಟನ್ ಡಿಸಿಯ ಕಥೆಯನ್ನೂ ಹೇಳಬೇಕು. ಸಿಂಥಿಯಾ ಕಾನಲಿ, ಲೆಸ್ಲಿ ಕ್ಲೇಗ್, ಶರನ್ ಚೆಸ್ಲೊ ಎಂಬ ಮೂವರು ಹೆಣ್ಣುಮಕ್ಕಳು ಆ ಊರಿನ ಪಂಕ್ ಬದುಕಿನ ಫೋಟೊಗಳನ್ನು ಹಲವರಿಂದ ಕೂಡಿಹಾಕಿ, ಜೊತೆಗೆ ಅಲ್ಲಿದ್ದವರ ನೆನಪುಗಳನ್ನು ಕೇಳಿ ಬರೆದುಕೊಂಡು, 1988ರಲ್ಲಿ ತಾವೇ ಪುಸ್ತಕ ಮಾಡಿದರು. ಹೆಸರು ‘ಬ್ಯಾನ್ಡ್ ಇನ್ ಡಿಸಿ’. ಕಪ್ಪು ಯುವಕರ ತಂಡ ಬ್ಯಾಡ್ ಬ್ರೈನ್ಸ್‌ನ ಹಾಡೊಂದರಿಂದ ಬಂದ ಹೆಸರದು. 1979ರಿಂದ 1985ರವರೆಗಿನ ಆರೇಳು ವರ್ಷಗಳ ದಾಖಲೆ. ಪಂಕ್ ಎಂದರೆ ಗಂಡುಹುಡುಗರ ಕುಸ್ತಿಯೆಂದು ನಂಬಿದವರು ಈ ಪುಸ್ತಕ ತೆರೆಯಬೇಕು. ಗುಂಪಿನಲ್ಲಿ, ಮೆಟ್ಟಿಲ ಮೇಲೆ, ಮನೆಗಳಲ್ಲಿ ಎಲ್ಲೆಲ್ಲೂ ಹುಡುಗಿಯರಿದ್ದಾರೆ. ಪುಸ್ತಕ ಕಟ್ಟಿದವರು ಅವರನ್ನು ಬಲ್ಲವರಾದ್ದರಿಂದಲೇ ಅವರು ಪುಟಗಳಿಂದ ಜಾರಿಹೋಗಲಿಲ್ಲ.

ಚಿತ್ರ ತೆಗೆದು ಹಂಚುವುದರಲ್ಲಿ ಅಪಾಯವೂ ಇದೆ. ಅನೇಕ ಗಿಗ್‌ಗಳು ಯಾರದೋ ಮನೆಯ ನೆಲಮಾಳಿಗೆಯಲ್ಲಿ, ಪರವಾನಗಿಯಿಲ್ಲದ ಗೋದಾಮಿನಲ್ಲಿ ನಡೆಯುತ್ತವೆ. ಭಿತ್ತಿಪತ್ರದಲ್ಲಿ ವಿಳಾಸದ ಬದಲು ‘ಆಸ್ಕ್ ಎ ಪಂಕ್’, ಗೊತ್ತಿದ್ದವರನ್ನು ಕೇಳಿ ಬನ್ನಿ, ಎಂದಷ್ಟೇ ಇರುತ್ತದೆ. 2016ರ ಡಿಸೆಂಬರ್ 2ರಂದು ಬರ್ಕ್ಲಿಯ ನೆರೆಯ ಓಕ್ಲೆಂಡಿನಲ್ಲಿ ಘೋಸ್ಟ್ ಶಿಪ್ ಎಂಬ ಗೋದಾಮಿಗೆ ಬೆಂಕಿ ಬಿದ್ದು, ಸಂಗೀತ ಕೇಳಲು ಬಂದಿದ್ದ 36 ಮಂದಿ ಸತ್ತರು. ಆಮೇಲೆ ಅಮೆರಿಕದ ಹಲವು ಊರುಗಳಲ್ಲಿ ಇಂಥ ಜಾಗಗಳ ಮೇಲೆ ತಪಾಸಣೆ ನಡೆದು ಬಾಗಿಲು ಮುಚ್ಚಿಸಲಾಯಿತು. ಬೆಂಕಿಯಿಂದ ಜನರನ್ನು ಕಾಯುವುದು ಮೊದಲ ಮಾತು, ಅದರಲ್ಲಿ ಎರಡಿಲ್ಲ. ಆದರೆ ಒಂದು ಫೋಟೊ, ಅದರ ಕೆಳಗೆ ಜಾಗದ ಹೆಸರು, ಇಷ್ಟೇ ಸಾಕು, ಅಲ್ಲಿ ಬಾಡಿಗೆಗಿರುವ ಹತ್ತು ಜನ ಬೀದಿಗೆ ಬರಲು. ಎಲ್ಲಿ ತೆಗೆದದ್ದೆಂದು ಬರೆಯಬೇಕೇ, ಬಿಡಬೇಕೇ ಎಂಬುದನ್ನು ಅಲ್ಲಿನವರ ಜೊತೆ ಕೂತು ನಿರ್ಧರಿಸುವ ಫೋಟೊಗ್ರಾಫರ್ ನಮಗೆ ಬೇಕು.

ಮರ್ರೆ ಬೌಲ್ಸ್ 2019ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಎಷ್ಟೋ ಕಡೆ ಹೆಸರಿಲ್ಲದೆ ಓಡಾಡುತ್ತಿವೆ. ಇದು ನಮ್ಮ ಪತ್ರಿಕೋದ್ಯಮಕ್ಕೂ ಸೇರಿದ ಮಾತು. ಕನ್ನಡದ ಪುಟಗಳಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಸಾಲು ದಿನನಿತ್ಯ ಅಚ್ಚಾಗುತ್ತದೆ. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ತೆಗೆದವರು ನೂಕಿಸಿಕೊಂಡು, ಕಿವಿ ಗುಂಯ್ಗುಡಿಸಿಕೊಂಡು, ಕೈಯಿಂದ ಖರ್ಚುಮಾಡಿಕೊಂಡು ತೆಗೆದಿರುತ್ತಾರೆ. ಆ ಸಾಲಿಗೆ ನಮ್ಮ ಪತ್ರಿಕೆಯಲ್ಲಿ ಜಾಗವಿಲ್ಲ. ಇನ್ನು ನಮ್ಮ ಕಡೆಯ ಮಾತು. ಬೆಂಗಳೂರಿನಲ್ಲಿ ಪಂಕ್‌ಗಿಂತ ಮೆಟಲ್ ಸಂಗೀತದ ಬೇರು ಆಳ. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಯುರೋಪಿನ ಊರೂರಿನಲ್ಲಿ ನುಡಿಸಿ ಬಂದಿದೆ. ಆ ಗಿಗ್‌ಗಳಲ್ಲಿ ಗುಂಪಿನ ನಡುವೆ ಕ್ಯಾಮೆರಾ ಎತ್ತಿ ಹಿಡಿದವರು ಇದ್ದೇ ಇದ್ದಾರೆ. ಅಂಥವರು ಚಿತ್ರ ಕಳಿಸಿ. ನಿಮ್ಮ ಹೆಸರು, ತಂಡದ ಹೆಸರು, ವರ್ಷ ಬರೆಯಿರಿ. ಎದ್ದು ಕಾಣುವ ಮುಖಗಳಿದ್ದರೆ ಅವರನ್ನು ಕೇಳಿಯೇ ಕಳಿಸಿ. ಹೆಸರು ಚಿತ್ರದ ಕೆಳಗೇ ಅಚ್ಚಾಗುತ್ತದೆ. ಸಂಭಾವನೆ ಲೇಖನಕ್ಕೆ ಕೊಡುವಷ್ಟೇ.