ಅಂಗೈಯಗಲದ ಪುಟ

ಕಡಬದ ಕಡೆಯಿಂದ ಪುತ್ತೂರಿನ ಕಾಲೇಜಿಗೆ ಬರುವ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಬಸ್ಸಿನಲ್ಲಿ ಸೀಟು ಸಿಕ್ಕಿದೊಡನೆ ಮೊಬೈಲಿನಲ್ಲಿ ಭೌತಶಾಸ್ತ್ರದ ಪಿಡಿಎಫ್ ತೆರೆಯುತ್ತಾಳೆ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬೆರಳಿನಿಂದ ಪುಟವನ್ನು ಹಿಗ್ಗಿಸಬೇಕು, ಬಲಕ್ಕೆ ಎಳೆಯಬೇಕು, ಮತ್ತೆ ಎಡಕ್ಕೆ ತರಬೇಕು. ಅರ್ಧ ಗಂಟೆಯಾದರೂ ಒಂದು ಪುಟ ಮುಗಿಯುವುದಿಲ್ಲ. 'ಇವಳಿಗೆ ಸಯನ್ಸ್ ಆಗಲಿಕ್ಕಿಲ್ಲ, ಕಾಮರ್ಸಿಗೇ ಸೇರಿಸಬಹುದಿತ್ತು' ಎಂಬ ಮಾತು ಮನೆಯಲ್ಲಿ ಏಳುತ್ತದೆ.

ತೀರ್ಪು ಕೊಡುವ ಮೊದಲು ಒಂದು ಸ್ಕೇಲು ಹಿಡಿದು ನೋಡುವುದು ಒಳ್ಳೆಯದು.

ಎ4 ಅಳತೆಯ ಪುಟದ ಅಗಲ 21 ಸೆಂ.ಮೀ. ಮೊಬೈಲ್ ಪರದೆಯದು ಸುಮಾರು 7 ಸೆಂ.ಮೀ. ಅಂದರೆ ಅಕ್ಷರ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಹಿಗ್ಗಿಸಿದರೆ ಸಾಲಿನ ತುದಿ ಪರದೆಯಿಂದಾಚೆ ಹೋಗುತ್ತದೆ. ಪಿಡಿಎಫ್ ಎಂಬುದು ಪುಟದ ಫೋಟೋ ಇದ್ದ ಹಾಗೆ. ಪರದೆ ಸಣ್ಣದೆಂದು ಸಾಲುಗಳು ತಾವಾಗಿ ಮುರಿದುಕೊಳ್ಳುವುದಿಲ್ಲ. ನಮ್ಮ ರಾಜ್ಯದ ಪಿಯು ವಿಜ್ಞಾನಕ್ಕೆ 2012-13ರಿಂದ ಬಂದ ಎನ್‌ಸಿಇಆರ್‌ಟಿ ಪಠ್ಯದಲ್ಲಿ ಭೌತಶಾಸ್ತ್ರದ ಪುಟ ಎರಡು ಕಾಲಂನದು. ಒಂದು ಕಾಲಂ ಇಳಿದು, ಪುನಃ ಮೇಲೆ ಹತ್ತಿ ಇನ್ನೊಂದನ್ನು ಇಳಿಯಬೇಕು. ಅಷ್ಟರಲ್ಲಿ ಚಿತ್ರ ಎಲ್ಲಿಯೋ, ಸಮೀಕರಣ ಎಲ್ಲಿಯೋ!

ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಪರಿಚಯ ಕಡಿಮೆಯಿರುವ ಭಾಷೆಯಲ್ಲಿ ನಿಲುಗಡೆಗಳು ದೀರ್ಘವಾಗುತ್ತವೆ, ಕಣ್ಣು ಹಿಂದಕ್ಕೆ ಜಿಗಿಯುವುದೂ ಹೆಚ್ಚು. ಇದು ದಡ್ಡತನವಲ್ಲ, ಅರ್ಥ ಹಿಡಿಯುವ ಕೆಲಸ. ಕಾಗದದಲ್ಲಾದರೆ 'ಎಡ ಪುಟದ ಕೆಳಗೆ, ರಾಟೆಯ ಚಿತ್ರದ ಪಕ್ಕ' ಎಂದು ಜಾಗದ ನೆನಪಿರುತ್ತದೆ. ಕಣ್ಣು ನೇರ ಅಲ್ಲಿಗೆ ಹೋಗುತ್ತದೆ. ಸರಿಯುತ್ತಲೇ ಇರುವ ಪರದೆಯಲ್ಲಿ ಆ ಗುರುತು ಉಳಿಯುವುದಿಲ್ಲ.

ಪುತ್ತೂರು, ಸುಳ್ಯ, ಕಡಬಗಳಲ್ಲಿ ಎರಡನೆಯ ಭಾಷೆ ಯಾವುದು ಎಂದು ಹೇಳುವುದೇ ಕಷ್ಟ. ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳ. 1964ರ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆಸಿದವರ ಮನೆಗಳಲ್ಲಿ ತಮಿಳು. ಪುಸ್ತಕದ ಕನ್ನಡವೇ ಅನೇಕರಿಗೆ ಎರಡನೆಯದು, ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ. ಕನ್ನಡದ ಟಿಪ್ಪಣಿಗೂ ಪರದೆಯಲ್ಲಿ ಸುಖವಿಲ್ಲ. ಇಂಗ್ಲಿಷಿಗೆಂದು ಇಟ್ಟ ಸಾಲಂತರದಲ್ಲಿ 'ಶಾಸ್ತ್ರ', 'ರಾಷ್ಟ್ರ'ಗಳ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದ ಕಡತವಂತೂ ಮೊಬೈಲಿನಲ್ಲಿ ಚಿತ್ರಾನ್ನವಾಗಿ ತೆರೆದುಕೊಳ್ಳುವುದುಂಟು.

ಕಾಗದವೇ ಮೇಲು ಎಂದು ಹಟ ಹಿಡಿಯಬೇಕಿಲ್ಲ. ಒಟ್ಟು 1.7 ಲಕ್ಷ ಓದುಗರನ್ನು ಒಳಗೊಂಡ 54 ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮಾಹಿತಿಯ ಬರಹಕ್ಕೆ ಕಾಗದ ತುಸು ಮುಂದಿತ್ತು, ಸಮಯದ ಒತ್ತಡವಿದ್ದಾಗ ಇನ್ನಷ್ಟು. ಕತೆಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಖರ್ಚಿಲ್ಲದ ಉಪಾಯವೊಂದಿದೆ. ಮೊಬೈಲನ್ನು ಅಡ್ಡ ಹಿಡಿದು ಒಂದೇ ಕಾಲಂ ಪರದೆ ತುಂಬುವಂತೆ ಹಿಗ್ಗಿಸಿದರೆ, ಎಡಬಲ ಎಳೆಯುವ ಕಾಟ ತಪ್ಪುತ್ತದೆ. ಆದರೆ ಒಮ್ಮೆಗೆ ಕಾಣುವುದು ಎಂಟು ಹತ್ತು ಸಾಲು ಮಾತ್ರ. ಚಿತ್ರ, ಸಮೀಕರಣ ಒತ್ತೊತ್ತಾಗಿರುವ ನಾಲ್ಕೈದು ಪುಟಗಳನ್ನು ವಾರಕ್ಕೊಮ್ಮೆ ಜೆರಾಕ್ಸ್ ಮಾಡಿಸಿ, ಅಂಚಿನಲ್ಲಿ ಕನ್ನಡದ್ದೋ ತುಳುವಿನದ್ದೋ ಮಾತು ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಉಳಿದ ಪುಟಗಳಿಗೆ ಬಸ್ಸೂ ಸಾಕು, ಮೊಬೈಲೂ ಸಾಕು.